ಸೀಟು ಬಿಡದೆ ಸರಿದ ಚಿತ್ರ

1997ರಲ್ಲಿ ನೆಟ್‌ಸ್ಕೇಪ್ 4, ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಬಂದಾಗಲೇ ವೆಬ್ ಪುಟದ ಚಿತ್ರಗಳು ಓಡಾಡತೊಡಗಿದ್ದವು. ಆದರೆ ಆ ಓಟ ಕುಂಟುತ್ತಿತ್ತು. ಲೆಫ್ಟ್, ಟಾಪ್ ಎಂಬ ಅಳತೆಗಳನ್ನು ಜಾವಾಸ್ಕ್ರಿಪ್ಟ್ ಕ್ಷಣಕ್ಷಣಕ್ಕೂ ತಿದ್ದಬೇಕು. ತಿದ್ದಿದಾಗಲೆಲ್ಲ ಯಾವುದು ಎಲ್ಲಿರಬೇಕೆಂದು ಬ್ರೌಸರ್ ಮತ್ತೆ ಲೆಕ್ಕ ಹಾಕಬೇಕು. ಓರೆಯಾಗಿ ತಿರುಗಿಸುವುದಂತೂ ಇನ್ನೂ ಕಷ್ಟ. 2000ದ ಎಕ್ಸ್‌ಪ್ಲೋರರ್ 5.5ರಲ್ಲಿ ಮ್ಯಾಟ್ರಿಕ್ಸ್ ಎಂಬ ಫಿಲ್ಟರ್ ಇತ್ತು, ನಿಜ. ಆದರೆ ಸೈನ್, ಕೊಸೈನ್ ಬೆಲೆಗಳನ್ನು ಪುಟ ಬರೆಯುವವರೇ ಒದಗಿಸಬೇಕಿತ್ತು. ಪಿಯುಸಿ ಗಣಿತಕ್ಕೆ ಕೈಮುಗಿದು ಬಂದವರು ಅದರ ಗೋಜಿಗೆ ಹೋಗದಿದ್ದರೆ ಆಶ್ಚರ್ಯವಿಲ್ಲ.

ಗಣಿತವೇನೋ ಹಳೆಯದೇ. 1980ರ ದಶಕದಲ್ಲೇ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್, ಆರು ಅಂಕಿಗಳ ಮ್ಯಾಟ್ರಿಕ್ಸ್ ಹಿಡಿದು ಅಕ್ಷರಗಳನ್ನು ಸರಿಸುತ್ತಿತ್ತು, ತಿರುಗಿಸುತ್ತಿತ್ತು, ಹಿಗ್ಗಿಸುತ್ತಿತ್ತು. 2001ರಲ್ಲಿ ಎಸ್‌ವಿಜಿ ಅದನ್ನು ವೆಬ್‌ಗೆ ತಂದಿತು, ಚಿತ್ರಗಳ ಮಟ್ಟಿಗೆ ಮಾತ್ರ. ಸಾಮಾನ್ಯ ಪುಟಕ್ಕೆ ಅದು ದಕ್ಕಿದ್ದು 2007ರ ಅಕ್ಟೋಬರ್‌ನಲ್ಲಿ, ಸಫಾರಿಯ ಒಳಗಿನ ವೆಬ್‌ಕಿಟ್ ತಂಡ ಸಿಎಸ್‌ಎಸ್ ಟ್ರಾನ್ಸ್‌ಫಾರ್ಮ್ ಪ್ರಕಟಿಸಿದಾಗ. ಐಫೋನ್ ಮಾರುಕಟ್ಟೆಗೆ ಬಂದು ಆಗ ನಾಲ್ಕು ತಿಂಗಳು.

ಇದರ ಗುಟ್ಟು ರೈಲು ಹತ್ತಿದವರಿಗೆ ಗೊತ್ತಿರುವಂಥದ್ದು. ಕರವಸ್ತ್ರ ಹಾಸಿ ಸೀಟು ಹಿಡಿದವರು ಬಾಗಿಲ ಬಳಿ ಹೋಗಿ ನಿಂತರೂ ಸೀಟು ಅವರದೇ; ಪಕ್ಕದವರು ಕದಲಬೇಕಿಲ್ಲ. ಟ್ರಾನ್ಸ್‌ಫಾರ್ಮ್ ಆದ ಪೆಟ್ಟಿಗೆ ಬೇರೆಡೆ ಕಾಣಿಸಿದರೂ ಪುಟದ ಲೆಕ್ಕದಲ್ಲಿ ಅದರ ಜಾಗ ಮೊದಲಿನದೇ. ಅಕ್ಕಪಕ್ಕದ್ದನ್ನು ಮತ್ತೆ ಜೋಡಿಸುವ ಕೆಲಸವಿಲ್ಲ. ಹೆಚ್ಚಿನ ಸಲ ಗ್ರಾಫಿಕ್ಸ್ ಚಿಪ್ ಆ ಪದರವೊಂದನ್ನೇ ಸರಿಸಿಬಿಡುತ್ತದೆ.

ತಾಪತ್ರಯ ಬಂದದ್ದು ಹೆಸರಿನಿಂದ. ಇನ್ನೂ ಪ್ರಯೋಗದಲ್ಲಿದೆ ಎಂದು ಸೂಚಿಸಲು ವೆಬ್‌ಕಿಟ್ ತನ್ನ ಹೆಸರನ್ನೇ ಪ್ರಿಫಿಕ್ಸ್ ಆಗಿ ಅಂಟಿಸಿತ್ತು. 2009ರ ಫೈರ್‌ಫಾಕ್ಸ್ 3.5, 2010ರ ಒಪೆರಾ 10.5, 2011ರ ಎಕ್ಸ್‌ಪ್ಲೋರರ್ 9 ತಂತಮ್ಮ ಪ್ರಿಫಿಕ್ಸ್ ಹಚ್ಚಿಕೊಂಡವು. ಒಂದೇ ಮಾತನ್ನು ನಾಲ್ಕು ಸಲ ಬರೆಯಬೇಕು. ಮೊಬೈಲ್ ಪುಟ ಮಾಡುವವರಲ್ಲಿ ಅನೇಕರು ವೆಬ್‌ಕಿಟ್‌ನದೊಂದನ್ನೇ ಬರೆದು ಕೈತೊಳೆದುಕೊಂಡರು. ಉಳಿದ ಬ್ರೌಸರ್‌ಗಳಲ್ಲಿ ಆ ಪುಟಗಳು ಕೆಟ್ಟು ಕಾಣುತ್ತಿದ್ದವು, ಬೈಗುಳ ಮಾತ್ರ ಬ್ರೌಸರ್‌ಗೆ.

2012ರ ಫೆಬ್ರುವರಿಯಲ್ಲಿ ಮೊಜಿಲ್ಲಾ, ಮೈಕ್ರೋಸಾಫ್ಟ್, ಒಪೆರಾ ಪ್ರತಿನಿಧಿಗಳು, ವೆಬ್‌ಕಿಟ್ ಪ್ರಿಫಿಕ್ಸನ್ನು ತಾವೂ ಒಪ್ಪಿಕೊಳ್ಳಬೇಕಾದೀತು ಎಂದರು. ಸಿಎಸ್‌ಎಸ್ ಕಾರ್ಯತಂಡದ ಸಹ-ಅಧ್ಯಕ್ಷ ಡೇನಿಯಲ್ ಗ್ಲಾಜ್ಮನ್ ಎಕ್ಸ್‌ಪ್ಲೋರರ್ 6ರ ಏಕಸ್ವಾಮ್ಯವನ್ನು ನೆನಪಿಸಿ, ಎಲ್ಲ ಬ್ರೌಸರ್‌ಗಳಿಗೂ ಬರೆಯಿರಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಮನವಿಗಿಂತ ಮಾರುಕಟ್ಟೆಯ ಒತ್ತಡವೇ ಜೋರಾಗಿತ್ತು. ಒಪೆರಾ ಅದೇ ವರ್ಷ ಮಣಿಯಿತು. ಫೈರ್‌ಫಾಕ್ಸ್ 16 ಅಕ್ಟೋಬರ್‌ನಲ್ಲಿ ತನ್ನ ಪ್ರಿಫಿಕ್ಸ್ ಇಲ್ಲದೆಯೇ ಟ್ರಾನ್ಸ್‌ಫಾರ್ಮ್ ಕೊಟ್ಟಿತು. ಕ್ರೋಮ್ 2014ರಲ್ಲಿ, ಸಫಾರಿ 2015ರಲ್ಲಿ ಅದೇ ದಾರಿ ಹಿಡಿದವು.

ಅಷ್ಟರಲ್ಲಿ ಬರೆದಾಗಿದ್ದ ಪುಟಗಳನ್ನು ತಿದ್ದುವವರು ಯಾರು? 2016ರ ಫೈರ್‌ಫಾಕ್ಸ್ 49, ವೆಬ್‌ಕಿಟ್ ಹೆಸರಿನಲ್ಲಿ ಬರೆದ ಸಾಲುಗಳನ್ನೂ ಓದತೊಡಗಿತು.