ಹುಟ್ಟಿದ ತಿಂಗಳು ಮತ್ತು ನಾಯಿಯ ಸೊಂಟದ ಕೀಲು: ಕನ್ಯಾನದ ತೋಟಗಳಿಂದ ಒಂದು ಆಕ್ಷೇಪ

ದೊಡ್ಡ ತಳಿಯ ನಾಯಿಗಳ ಹಿಪ್ ಡಿಸ್‌ಪ್ಲೇಸಿಯಾವನ್ನು, ಅಂದರೆ ಸೊಂಟದ ಕೀಲಿನ ದೋಷವನ್ನು, ಅಮೆರಿಕದ ಶ್ನೆಲ್ 1935ರಲ್ಲಿ ವರದಿ ಮಾಡಿದ ಮೇಲೆ ಬಹಳಷ್ಟು ಸಂಗತಿ ಇತ್ಯರ್ಥವಾಗಿದೆ. ಮರಿ ಹುಟ್ಟುವಾಗ ಕೀಲು ನೆಟ್ಟಗೇ ಇರುತ್ತದೆ. ಬೆಳೆಯುವ ವಾರಗಳಲ್ಲಿ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸಡಿಲವಾದರೆ, ಇನ್ನೂ ಎಳಸಾಗಿರುವ ಗುಳಿಯ ಅಂಚು ಒತ್ತಡಕ್ಕೆ ಸವೆದು ಗುಳಿ ಆಳ ಕಳೆದುಕೊಳ್ಳುತ್ತದೆ, ಬೆನ್ನಿಗೇ ಸಂಧಿವಾತ. ದೋಷ ಹಲವು ಜೀನ್‌ಗಳ ಮೂಲಕ ಇಳಿದು ಬರುತ್ತದೆ, ಆದರೆ ಜೀನ್ ಒಂದೇ ಅದನ್ನು ತೀರ್ಮಾನಿಸುವುದಿಲ್ಲ. ಇಷ್ಟರಲ್ಲಿ ತಕರಾರಿಲ್ಲ.

ತಕರಾರು 2012ರ ನಾರ್ವೆಯ ಅಧ್ಯಯನವನ್ನು ಓದುವ ಕ್ರಮದ ಬಗ್ಗೆ. ಕ್ರೋಂಟ್‌ವೈಟ್ ಮತ್ತು ಸಂಗಡಿಗರು ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್, ಲಿಯೋನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್ ತಳಿಗಳ ಸುಮಾರು 500 ನಾಯಿಗಳನ್ನು ಮರಿಯಿಂದಲೇ ಗಮನಿಸುತ್ತ ಬಂದರು. ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ದೋಷದ ಸಂಭವ ಹೆಚ್ಚು. ಅದೇ ವಯಸ್ಸಿನಲ್ಲಿ ಹೊರಗೆ ಬಿಚ್ಚಿಬಿಟ್ಟ, ಕೃಷಿಕರ ಮನೆಯಲ್ಲಿ ಹುಟ್ಟಿದ, ವಸಂತದಲ್ಲೋ ಬೇಸಿಗೆಯಲ್ಲೋ ಹುಟ್ಟಿದ ಮರಿಗಳಲ್ಲಿ ಕಡಿಮೆ. ಈ ಕೊನೆಯ ಅಂಶವನ್ನು ತುಳುನಾಡಿಗೆ ಹಾಗೆಯೇ ಎತ್ತಿಕೊಳ್ಳುವುದು ಸಲ್ಲದು ಎಂಬುದು ನನ್ನ ವಾದ.

ನಾರ್ವೆಯ ಬೇಸಿಗೆ ಮರಿಗೆ ಕೊಡುವುದು ಮುಖ್ಯವಾಗಿ ಶಾಖವನ್ನಲ್ಲ, ನೆಲವನ್ನು: ಹಿಮ ಕರಗಿದ, ಉಗುರು ಊರಲು ಬರುವ ಮಣ್ಣನ್ನು. ಓಡಿದಷ್ಟೂ ತೊಡೆಯ ಸ್ನಾಯು ತುಂಬಿಕೊಂಡು ಕೀಲನ್ನು ಬಿಗಿಹಿಡಿಯುತ್ತದೆ. ಸ್ನಾಯು ದಟ್ಟವಾಗಿರುವ ಗ್ರೇಹೌಂಡ್‌ಗಳಲ್ಲಿ ಈ ದೋಷ ಇಲ್ಲವೆನ್ನುವಷ್ಟು ವಿರಳ. ಸಂಶೋಧಕ ರೈಸರ್ 1960ರ ದಶಕದಲ್ಲೇ ಸ್ನಾಯುವಿಗೂ ಕೀಲಿಗೂ ಇರುವ ಈ ನಂಟನ್ನು ತೋರಿಸಿದ್ದರು. ತುಳುನಾಡಿನ ಕನ್ಯಾನದಲ್ಲಿ ಲೆಕ್ಕ ತಿರುವುಮುರುವು. ದಕ್ಷಿಣ ಕನ್ನಡದ ಸುಮಾರು 4000 ಮಿ.ಮೀ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಪಗ್ಗು ತಿಂಗಳಲ್ಲಿ, ಅಂದರೆ ಏಪ್ರಿಲ್–ಮೇಯಲ್ಲಿ ಹುಟ್ಟಿದ ಜರ್ಮನ್ ಶೆಫರ್ಡ್ ಮರಿ ನಡೆಯಲು ಕಲಿತು ಮಳೆಗಾಲದ ಆಟಿ ತಿಂಗಳು ಮುಗಿಯುವವರೆಗಿನ ಕಾಲವನ್ನು ಜಗಲಿಯಲ್ಲೋ ಗೂಡಿನಲ್ಲೋ ಕಳೆಯುತ್ತದೆ. ಈಗಿನ ಜಗಲಿಗೆ ಟೈಲ್ಸ್ ಬಂದಿದೆ. ಒದ್ದೆ ಪಾದ ಅದರ ಮೇಲೆ ನಿಲ್ಲುವುದಿಲ್ಲ. ಬೊಂತೆಲ್ ತಿಂಗಳಲ್ಲಿ, ಅಕ್ಟೋಬರ್–ನವೆಂಬರ್‌ನಲ್ಲಿ ಹುಟ್ಟಿದ ಮರಿಗೆ ಅಡಿಕೆ ಮರದ ಬುಡದ ಮೆತ್ತನೆ ಮಣ್ಣು ಸಿಗುತ್ತದೆ. ಆದ್ದರಿಂದ ನಮ್ಮಲ್ಲಿ ಅಪಾಯದ ಹೆರಿಗೆ ಬೇಸಿಗೆಯದೇ ಇರಬಹುದು.

ಇರಬಹುದು ಎಂದೆ, ಇದೆ ಎನ್ನಲಿಲ್ಲ. ಎದುರು ನಿಲ್ಲುವ ಸಂಗತಿಗಳು ಹಲವಿವೆ. ಒಣಗಾಲದ ಬಿಡುವೂ ಪೂರ್ತಿ ಬಿಡುವಲ್ಲ: ಅಡಿಕೆ ಹರವಿದ ಅಂಗಳಕ್ಕೆ ನಾಯಿ ಇಳಿಯುವುದನ್ನು ಯಾವ ಕೃಷಿಕನೂ ಸಹಿಸುವುದಿಲ್ಲ, ಹಗಲಿಡೀ ಸಂಕೋಲೆಯೇ. ತೋಟದಿಂದ ಮನೆಗೆ ಬರೆಯಲ್ಲಿ ಕಡಿದ ಮೆಟ್ಟಿಲುಗಳಿದ್ದರೆ, ಬಿಚ್ಚಿಬಿಟ್ಟ ಮರಿಯೇ ಹೆಚ್ಚು ಸಲ ಅವನ್ನು ಹತ್ತಿಳಿಯುತ್ತದೆ. ನಾರ್ವೆಯವರು ಹಿತವೆಂದ ಓಡಾಟವೂ ಅಹಿತವೆಂದ ಮೆಟ್ಟಿಲೂ ಇಲ್ಲಿ ಒಂದೇ ದಾರಿಯಲ್ಲಿವೆ. ಹೆಚ್ಚು ತೊಡಕಿನದು ಆಹಾರ. ಕೀಲಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಡಹುಟ್ಟಿದ ಲ್ಯಾಬ್ರಡಾರ್ ಮರಿಗಳನ್ನು ಜೋಡಿಯಾಗಿಸಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟರು. ಎರಡು ವರ್ಷದಲ್ಲಿ, ಹೊಟ್ಟೆತುಂಬ ತಿಂದ 24 ನಾಯಿಗಳಲ್ಲಿ 16ಕ್ಕೆ ದೋಷ ಕಂಡರೆ, ಮಿತವಾಗಿ ತಿಂದ 24ರಲ್ಲಿ 7ಕ್ಕೆ ಮಾತ್ರ. ಮಳೆಗಾಲದಲ್ಲಿ ಓಡಾಟ ನಿಂತರೂ ಅನ್ನದ ತಟ್ಟೆ ಹಾಗೇ ಇದ್ದರೆ, ನಾನು ಜಾರುವ ನೆಲದ ಮೇಲೆ ಹೊರಿಸಿದ ಆಪಾದನೆ ಬೊಜ್ಜಿನ ಮೇಲೆ ಹೋಗಬೇಕಾಗುತ್ತದೆ.

ಇವೆರಡನ್ನು ಬಿಡಿಸಲು ಒಂದೇ ಜೋಡಿಯ ಎರಡು ಹೆರಿಗೆಗಳನ್ನು, ಪಗ್ಗುವಿನದೊಂದು, ಬೊಂತೆಲಿನದೊಂದು, ಪ್ರತಿವಾರ ತೂಗುತ್ತ ಹೋಲಿಸಬೇಕು. ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುವುದರಿಂದ ಇಂಥ ಜೋಡಿ ಹೆರಿಗೆ ಅಸಂಭವವಲ್ಲ, ಆದರೆ ನಡುವೆ ತಾಯಿಗೆ ವಿಶ್ರಾಂತಿ ಬೇಕು. ಅಳತೆಯ ಆಯ್ಕೆಯೂ ಉಳಿದಿದೆ. ವರ್ಷ ತುಂಬಿದ ಮೇಲೆ ಎಕ್ಸ್‌ರೇಯಲ್ಲಿ, ತೊಡೆಮೂಳೆಯ ತಲೆ ಗುಳಿಯಲ್ಲಿ ಎಷ್ಟು ಕೂತಿದೆ ಎಂದು ತೋರುವ ನಾರ್ಬರ್ಗ್ ಕೋನ 105 ಡಿಗ್ರಿ ದಾಟಿದೆಯೇ ಎಂದು ನೋಡುವುದೋ, 16 ವಾರಕ್ಕೇ ಪೆನ್‌ಹಿಪ್ ಕ್ರಮದಲ್ಲಿ ಸಡಿಲತೆಯನ್ನು ಅಳೆಯುವುದೋ? ಎರಡನೆಯದು ಮಳೆಗಾಲಕ್ಕೆ ಹತ್ತಿರದ ಸಾಕ್ಷಿ. ಆದರೆ ಸಡಿಲವಾದ ಕೀಲೆಲ್ಲ ಮುಂದೆ ಕುಂಟುವುದಿಲ್ಲ.