ನಿಪಾ: ಮೊದಲು ಸತ್ತವರು ಯಾರು?

ರೋಗಗಳ ಚರಿತ್ರೆಯನ್ನು ನಮಗೆ ಹೇಳಿಕೊಟ್ಟಿರುವುದು ಡಾಕ್ಟರುಗಳ ಕಡೆಯಿಂದ, ಸರಕಾರದ ಕಡೆಯಿಂದ. ಯಾವ ವೈರಸ್ಸನ್ನು ಯಾರು ಕಂಡುಹಿಡಿದರು, ಯಾವ ಸರಕಾರ ಎಷ್ಟು ಬೇಗ ತಡೆಯಿತು ಎಂಬುದೇ ಅಲ್ಲಿ ಮುಖ್ಯ. ಆ ರೋಗಕ್ಕೆ ಮೊದಲು ಮೈ ಕೊಟ್ಟವರು ಯಾರು, ಅವರು ಮಾಡುತ್ತಿದ್ದ ಕೆಲಸ ಏನು, ಆ ಕೆಲಸ ಅವರ ಪಾಲಿಗೇ ಯಾಕೆ ಬಂತು ಅಂತ ಕೇಳುವವರು ಕಮ್ಮಿ. ಬಾವಲಿಯಿಂದ ಮನುಷ್ಯರಿಗೆ ಬಂದ ನಿಪಾ ರೋಗದ ಚರಿತ್ರೆಯನ್ನು ನಾವು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕಾಗಿದೆ.

1998ರ ಸೆಪ್ಟೆಂಬರ್. ಮಲೇಷ್ಯಾದ ಇಪೋ ಪಟ್ಟಣದ ಸುತ್ತ ಹಂದಿ ಸಾಕುವ ಊರುಗಳಲ್ಲಿ ಜನ ಜ್ವರ ಬಂದು, ಪ್ರಜ್ಞೆ ತಪ್ಪಿ ಸಾಯತೊಡಗಿದರು. ಇದು ಸೊಳ್ಳೆಯಿಂದ ಬರುವ ಜಪಾನೀಸ್ ಮಿದುಳು ಜ್ವರ ಅಂತ ಅಲ್ಲಿನ ಅಧಿಕಾರಿಗಳು ತೀರ್ಮಾನಿಸಿದರು. ಹೊಗೆ ಹೊಡೆಸಿದರು, ಲಸಿಕೆ ಹಾಕಿಸಿದರು. ಸಾವು ನಿಲ್ಲಲಿಲ್ಲ. ಮಿದುಳು ಜ್ವರ ಹೆಚ್ಚಾಗಿ ಮಕ್ಕಳನ್ನು ಹಿಡಿಯುವಂಥದು. ಇಲ್ಲಿ ಸಾಯುತ್ತಿದ್ದವರು ದುಡಿಯುವ ವಯಸ್ಸಿನ ಗಂಡಸರು. ಸೊಳ್ಳೆ ಜಾತಿ ಮತ ಕೇಳಿ ಕಚ್ಚುವುದಿಲ್ಲ. ಆದರೆ ಪಕ್ಕದಲ್ಲೇ ಇದ್ದ, ಹಂದಿ ಮುಟ್ಟದ ಮುಸ್ಲಿಮರಿಗೆ ರೋಗ ಬರಲಿಲ್ಲ. ಬಂದದ್ದು ಹಂದಿ ಸಾಕುವ ಚೀನೀಯರಿಗೆ, ಅವರ ಫಾರ್ಮುಗಳಲ್ಲಿ ಕೂಲಿಗಿದ್ದ ಭಾರತೀಯ ಮೂಲದವರಿಗೆ. ಒಡೆಯರೂ ಸತ್ತರು, ನಿಜ. ಸತ್ತವರು ಕೈಯಾರೆ ಹಂದಿ ಹಿಡಿದು ಗೇಯುತ್ತಿದ್ದ ಒಡೆಯರು. ಸತ್ಯ ಕಣ್ಣೆದುರಿಗೇ ಇತ್ತು. ಕೊಟ್ಟಿಗೆಯಲ್ಲಿ ಗೇಯುವವರನ್ನು ಕೇಳಿದ್ದರೆ ತಿಂಗಳುಗಳು ಉಳಿಯುತ್ತಿದ್ದವು.

ಈ ನಡುವೆ ಕಾಯಿಲೆ ಬಿದ್ದ ಊರುಗಳ ಹಂದಿಗಳನ್ನು ದಕ್ಷಿಣಕ್ಕೆ ಮಾರಿದರು. ಲಾರಿಗಳ ಜತೆ ರೋಗವೂ ಹೋಯಿತು. ನೆಗೆರಿ ಸೆಂಬಿಲಾನ್ ಪ್ರಾಂತ್ಯದ ಬುಕಿತ್ ಪೆಲಾಂದೊಕ್‌ನಲ್ಲಿ ಅತಿ ಹೆಚ್ಚು ಜನ ಸತ್ತರು. 1999ರ ಮಾರ್ಚ್‌ನಲ್ಲಿ ಸಿಂಗಪುರದ ಕಸಾಯಿಖಾನೆಯ 11 ಮಂದಿ ಕೆಲಸಗಾರರಿಗೆ ತಗಲಿ ಒಬ್ಬ ಸತ್ತ. ಅದೇ ತಿಂಗಳು ಮಲಯ ವಿಶ್ವವಿದ್ಯಾಲಯದ ಚುವಾ ಕಾವ್ ಬಿಂಗ್ ಎಂಬ ಡಾಕ್ಟರು ಇದು ಬೇರೆಯೇ ವೈರಸ್ ಅಂತ ಕಂಡುಕೊಂಡರು. ರೋಗಿಯ ಊರು ಸುಂಗೈ ನಿಪಾ. ವೈರಸ್ಸಿಗೂ ಅದೇ ಹೆಸರಾಯಿತು. ಮಲೇಷ್ಯಾದಲ್ಲಿ 265 ಮಂದಿಗೆ ರೋಗ ಬಂದು 105 ಮಂದಿ ಸತ್ತರು. ಸೈನ್ಯ ಕರೆಸಿ ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಂದರು.

ಈ ವೈರಸ್ಸಿನ ಮೂಲ ಹಣ್ಣು ತಿನ್ನುವ ದೊಡ್ಡ ಬಾವಲಿ. ಅದರ ಮೈಯಲ್ಲಿ ಇದು ಹಿಂದಿನಿಂದಲೂ ಇದೆ, ಬಾವಲಿಗೆ ಕಾಯಿಲೆ ಮಾಡುವುದಿಲ್ಲ. ಹಾಗಾದರೆ 1998ರಲ್ಲೇ ಯಾಕೆ ಬಂತು? ರೋಗ ಹುಟ್ಟಿದ ಫಾರ್ಮಿನಲ್ಲಿ ಮೂವತ್ತು ಸಾವಿರಕ್ಕೂ ಮೀರಿ ಹಂದಿಗಳಿದ್ದವು. ಮೇಲುಸಂಪಾದನೆಗೆ ಅಂತ ಕೊಟ್ಟಿಗೆ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು. ಬಾವಲಿ ಕಚ್ಚಿ ಬಿಸಾಕಿದ ಹಣ್ಣು ಹಂದಿಯ ಬಾಯಿಗೆ ಹೋಯಿತು. ಹಿತ್ತಲಲ್ಲಿ ಎರಡು ಮೂರು ಹಂದಿ ಸಾಕುವ ಬಡವನ ಮನೆಯಲ್ಲಾದರೆ ರೋಗ ಅಲ್ಲಿಗೇ ಮುಗಿಯುತ್ತಿತ್ತು. ದಿನಾ ಹೊಸ ಮರಿ ಹುಟ್ಟುವ ದೊಡ್ಡ ಫಾರ್ಮಿನಲ್ಲಿ ವೈರಸ್ಸಿಗೆ ಮೈಗಳ ಬರವೇ ಇಲ್ಲ. ಅಲ್ಲಿ ಲಾಭಕ್ಕೆ ಕಟ್ಟಿದ ಲೆಕ್ಕವೇ ರೋಗಕ್ಕೂ ಅನುಕೂಲವಾಯಿತು.

ಬಾಂಗ್ಲಾದೇಶಕ್ಕೆ ಬಂದರೆ ಹಂದಿ ಇಲ್ಲ, ಈಚಲು ಮರ ಇದೆ. ಚಳಿಗಾಲದಲ್ಲಿ ಮರ ಕೆತ್ತಿ, ರಾತ್ರಿ ಮಡಕೆ ಕಟ್ಟಿ, ಬೆಳಗ್ಗೆ ಇಳಿಸಿ ಮಾರುವವರನ್ನು ಅಲ್ಲಿ ಗಾಛಿ ಅಂತಾರೆ. ರಾತ್ರಿ ಬಾವಲಿ ಬಂದು ಅದೇ ರಸ ನೆಕ್ಕುತ್ತದೆ. ಅದನ್ನು ಕಾಯಿಸದೆ ಕುಡಿದವರಿಗೆ ನಿಪಾ ತಗಲಿತು. 2001ರಲ್ಲಿ ಮೆಹೆರ್‌ಪುರದಲ್ಲಿ ಶುರುವಾದ ರೋಗ ಆಮೇಲೆ ಹೆಚ್ಚುಕಮ್ಮಿ ಪ್ರತಿ ಚಳಿಗಾಲವೂ ಬಂದಿದೆ. ಇದಕ್ಕೆ ಮದ್ದು ಹಳ್ಳಿಯವರ ಕೈಯಲ್ಲೇ ಇತ್ತು: ಮಡಕೆಗೆ ಬಿದಿರಿನ ತಡಿಕೆ ಕಟ್ಟುವುದು. ಆದರೆ ದಿನಾ ಅಷ್ಟು ಮರಕ್ಕೆ ತಡಿಕೆ ಕಟ್ಟುವ ಕೂಲಿ ಯಾರು ಕೊಡುತ್ತಾರೆ?

ನಮ್ಮ ದೇಶದಲ್ಲಿ ಇದು ಆಸ್ಪತ್ರೆಯೊಳಗೆ ಹಬ್ಬಿತು. 2001ರ ಆರಂಭದಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ಬಂದು 45 ಮಂದಿ ಸತ್ತರು. ಹೆಚ್ಚಿನವರು ಆಸ್ಪತ್ರೆಯ ನೌಕರರು, ಇಲ್ಲವೇ ರೋಗಿಗಳನ್ನು ನೋಡಿಕೊಳ್ಳಲು ಬಂದಿದ್ದ ನೆಂಟರು. ಅವರನ್ನು ಕೊಂದದ್ದು ನಿಪಾ ಎಂಬ ವರದಿ ಅಚ್ಚಾಗುವಾಗ 2006. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ಮೊದಲ ರೋಗಿಯನ್ನು ಬಿಟ್ಟು ಉಳಿದವರಿಗೆ ತಗಲಿದ್ದು ಮನುಷ್ಯರಿಂದಲೇ. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಸೇವೆ ಮಾಡಿದ ಲಿನಿ ಮೇ 21ರಂದು ಸತ್ತರು. ಅವರು ಖಾಯಂ ನೌಕರಿ ಇಲ್ಲದ ದಿನಗೂಲಿ ನರ್ಸ್. ದೇಶವೆಲ್ಲ ಆಕೆಯನ್ನು ತ್ಯಾಗಮಯಿ ಅಂತ ಹೊಗಳಿತು. ಅದೇ ದಿನಗಳಲ್ಲಿ ಅದೇ ಆಸ್ಪತ್ರೆಯ ನರ್ಸುಗಳನ್ನು ಬಸ್ಸಿಗೆ, ಆಟೋಗೆ ಹತ್ತಿಸಿಕೊಳ್ಳಲಿಲ್ಲ.

ಗೆಳೆಯರೇ, ಇದು ನಮಗೆ ಹೊಸದಲ್ಲ. ಮುಟ್ಟಬಾರದ್ದನ್ನು ಮುಟ್ಟುವ ಕೆಲಸ ಒಬ್ಬರಿಗೆ ಹಂಚುವುದು, ಮುಟ್ಟಿದರಲ್ಲಾ ಅಂತ ಆಮೇಲೆ ಅವರನ್ನೇ ದೂರ ಇಡುವುದು. ಸತ್ತ ದನ ಎತ್ತಿದವರಿಗೆ, ಮಲ ಬಾಚಿದವರಿಗೆ ಈ ದೇಶ ಸಾವಿರಾರು ವರ್ಷ ಮಾಡಿದ್ದು ಇದನ್ನೇ. ಮಲೇಷ್ಯಾದ ಕೊಟ್ಟಿಗೆಗೂ ನಮ್ಮ ಕೇರಿಗೂ ಜಾತಿಯ ಸಂಬಂಧ ಇಲ್ಲ. ಆದರೆ ಅಪಾಯವನ್ನು ದುಡಿಯುವವನ ಮೈಮೇಲೆ ಹಾಕಿ ಲಾಭ ಬೇರೆಯವರು ಉಣ್ಣುವ ಕ್ರಮ ಎರಡೂ ಕಡೆ ಒಂದೇ.

ತಪ್ಪನ್ನು ಪ್ರಾಣಿಯ ತಲೆಗೆ ಕಟ್ಟುವುದೂ ಹಳೆಯ ಚಾಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಬಂದ ರೋಗಕ್ಕೆ ಮಂಗನ ಕಾಯಿಲೆ ಅಂತ ಹೆಸರಿಟ್ಟರು. ಅದನ್ನು ಹರಡಿದ್ದು ಉಣುಗು; ಮಂಗ ತಾನೇ ಆ ರೋಗಕ್ಕೆ ಸತ್ತಿತ್ತು. ಈಗ ಬಾವಲಿಯ ಸರದಿ. ಕರ್ನಾಟಕದ ಬಾವಲಿಗಳಲ್ಲೂ ನಿಪಾ ಸೋಕಿದ ಗುರುತು ಇದೆ ಎಂದು ಪುಣೆಯ ವೈರಾಣು ಸಂಸ್ಥೆ ಹೇಳಿದೆ. ಇದನ್ನು ಕೇಳಿ ಊರ ಆಲದ ಮರ ಕಡಿಯಲು ಹೊರಟರೆ ಬಾವಲಿಗಳು ಚದುರಿ ಇನ್ನಷ್ಟು ಮನೆಗಳ ಹತ್ತಿರ ಬರುತ್ತವೆ, ಅಷ್ಟೇ. ಕಚ್ಚಿದ ಹಣ್ಣು ತಿನ್ನಬೇಡಿ ಅಂತ ಮಕ್ಕಳಿಗೆ ಮೇಷ್ಟರು ಹೇಳಲಿ. ಅದರ ಜತೆಗೆ ನಾವು ಕೇಳಬೇಕಾದದ್ದು ಬೇರೆ ಇದೆ: ನಮ್ಮ ತಾಲ್ಲೂಕು ಆಸ್ಪತ್ರೆಯ ಆಯಾಗಳಿಗೆ, ವಾರ್ಡ್ ಗುಡಿಸುವವರಿಗೆ, ಹೆಣ ಸಾಗಿಸುವವರಿಗೆ ಕೈಗವಸು ಇದೆಯೇ? ಮಾಸ್ಕ್ ಇದೆಯೇ? ಅವರ ನೌಕರಿ ಖಾಯಮ್ಮೇ, ಗುತ್ತಿಗೆಯೇ? ಅವರು ಸತ್ತರೆ ಮನೆಯವರಿಗೆ ಏನು ಸಿಗುತ್ತೆ? ಈ ಲೆಕ್ಕವನ್ನು ರೋಗ ಬಂದ ಮೇಲಲ್ಲ, ಈಗಲೇ ಕೇಳಬೇಕು.