ವಿದ್ಯಾಲಯಗಳಲ್ಲಿ ಸ್ತ್ರೀಪೀಡನೆ: ಚರಿತ್ರೆಗೆ ಆಧಾರಗಳಾವುವು?

ಚರಿತ್ರಕಾರನಿಗೆ ದಾಖಲೆಯೇ ಆಧಾರ. ಆದರೆ ದಾಖಲೆಗೆ ಸಿಕ್ಕದಂತೆ ನಡೆಯುವ ಕೃತ್ಯಗಳೂ ಉಂಟು. ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ದೌರ್ಜನ್ಯವು ಅಂತಹುದು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮೂರು ಪ್ರಕರಣಗಳಿಂದ ಈ ಮಾತು ವಿಶದವಾಗುವುದು.

೧೯೫೮ರಲ್ಲಿ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಸ್ಥಾಪಿತವಾಯಿತು. ಮುಂದಿನ ದಶಕಗಳಲ್ಲಿ ಈ ಸೀಮೆಯಲ್ಲಿ ಇತರ ಕಾಲೇಜುಗಳೂ ತಲೆಯೆತ್ತಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯು ಸಮೀಪವಾಯಿತು. ೨೦೧೮ರ ಫೆಬ್ರವರಿಯಲ್ಲಿ ಸುಳ್ಯದಲ್ಲಿ ಓರ್ವ ವಿದ್ಯಾರ್ಥಿನಿಯು ಹಾಡಹಗಲೇ ಇರಿತಕ್ಕೊಳಗಾಗಿ ಮೃತಳಾದಳು. ೨೦೨೪ರ ಮಾರ್ಚ್ ೪ರಂದು ಕಡಬದಲ್ಲಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ಎರಚಲ್ಪಟ್ಟಿತು. ಇವೆರಡೂ ಬಹಿರಂಗದಲ್ಲಿ ನಡೆದುದರಿಂದ ಅಂದೇ ದಾಖಲೆಗೆ ಬಂದುವು. ಪುತ್ತೂರಿನ ಪ್ರಕರಣವು ಹಾಗಲ್ಲ. ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂಬ ಆಪಾದನೆಯು ೨೦೧೯ರ ಜುಲೈಯಲ್ಲಿ ಪೊಲೀಸರ ಮುಂದೆ ಬಂದು, ಐವರು ವಿದ್ಯಾರ್ಥಿಗಳು ಬಂಧಿತರಾದರು. ಕೃತ್ಯವು ನಡೆದು ತಿಂಗಳುಗಳೇ ಕಳೆದಿದ್ದುವು. ಅದರ ದೃಶ್ಯವು ಮೊಬೈಲುಗಳಲ್ಲಿ ಹರಡಿದ ಮೇಲೆಯೇ ಅದು ಬೆಳಕಿಗೆ ಬಂದಿತು. ಆ ದೃಶ್ಯವು ಹರಡದೆ ಇದ್ದಿದ್ದರೆ ಈ ದಾಖಲೆಯೂ ಹುಟ್ಟುತ್ತಿತ್ತೆಂದು ಹೇಳುವಂತಿಲ್ಲ.

ಆದುದರಿಂದ ಪೊಲೀಸು ಠಾಣೆಯ ಲೆಕ್ಕವನ್ನೇ ನಂಬತಕ್ಕುದಲ್ಲ. ಅಮೆರಿಕದಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಕ್ಯಾನಿನ್ ಎಂಬ ವಿದ್ವಾಂಸರು ೧೯೫೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿಶ್ವವಿದ್ಯಾನಿಲಯವೊಂದರ ೨೯೧ ವಿದ್ಯಾರ್ಥಿನಿಯರನ್ನೇ ನೇರವಾಗಿ ಪ್ರಶ್ನಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಆ ವರ್ಷದಲ್ಲಿ ಒಂದಲ್ಲ ಒಂದು ಬಗೆಯ ಬಲಾತ್ಕಾರದ ವರ್ತನೆಯನ್ನು ಕಂಡವರಾಗಿದ್ದರು. ೧೯೮೭ರಲ್ಲಿ ಮೇರಿ ಕಾಸ್ ಮತ್ತು ಸಂಗಡಿಗರು ೩೨ ಸಂಸ್ಥೆಗಳ ೬,೧೫೯ ವಿದ್ಯಾರ್ಥಿಗಳನ್ನು ಕೇಳಿದಾಗ ಕೃತ್ಯದ ಹೆಸರನ್ನು ಹೇಳದೆ ಸ್ವರೂಪವನ್ನು ವರ್ಣಿಸಿದರು. ಕಾನೂನಿನ ದೃಷ್ಟಿಯಿಂದ ಅತ್ಯಾಚಾರವೆನ್ನಬಹುದಾದುದನ್ನು ಅನುಭವಿಸಿದ ಸ್ತ್ರೀಯರಲ್ಲಿ ಶೇಕಡಾ ೨೭ ಮಂದಿ ಮಾತ್ರ ಅದನ್ನು ಆ ಹೆಸರಿನಿಂದ ಕರೆದರು.

ಇಲ್ಲಿ ಭಾಷೆಯ ವಿಚಾರವು ಪ್ರಾಪ್ತವಾಗುತ್ತದೆ. 'ಮಾನಭಂಗ', 'ಶೀಲಹರಣ' ಎಂಬ ಪದಗಳು ಅಪರಾಧವನ್ನು ಮರೆಮಾಡಿ ನಷ್ಟವನ್ನು ಪೀಡಿತೆಯ ಮೇಲೆಯೇ ಹೊರಿಸುತ್ತವೆ. ತಾನು ಮಾನ ಕಳೆದುಕೊಂಡೆನೆಂದು ಯಾವಳು ಬರೆದುಕೊಟ್ಟಾಳು? ಅದಲ್ಲದೆ ಈ ಸೀಮೆಯ ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಗಳೆಂದು ಹಲವು ವಿಧವಾಗಿದೆ. ಗ್ರಾಂಥಿಕ ಕನ್ನಡದ ಪ್ರಶ್ನಾವಳಿಗೆ ಇಲ್ಲಿ ಮೌನವೇ ಉತ್ತರವಾದೀತು.

ಸರ್ವೋಚ್ಚ ನ್ಯಾಯಾಲಯದ ೧೯೯೭ರ ವಿಶಾಖಾ ತೀರ್ಪು, ೨೦೧೩ರ ಅಧಿನಿಯಮ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೧೫ರ ವಿನಿಯಮಗಳು ಇವುಗಳಿಂದ ಕಾಲೇಜುಗಳಲ್ಲಿ ಆಂತರಿಕ ಸಮಿತಿಯು ಕಡ್ಡಾಯವಾಯಿತು. ಆದರೆ ಸಮಿತಿಗೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಸಲ್ಲತಕ್ಕುದು. ಕಾರಣವಿದ್ದರೆ ಇನ್ನು ಮೂರು ತಿಂಗಳು. ಮೌನವು ಈ ಅವಧಿಯನ್ನು ಲೆಕ್ಕಿಸುವುದಿಲ್ಲ. ಸಮಿತಿಯ ಪುಸ್ತಕವು ಖಾಲಿಯಾಗಿರುವುದನ್ನು ನೋಡಿ ವಿದ್ಯಾಲಯವು ನಿರ್ದೋಷವೆಂದು ಬರೆಯುವ ಚರಿತ್ರಕಾರನು, ದಾಖಲೆಯ ಅಭಾವವನ್ನೇ ಕೃತ್ಯದ ಅಭಾವವೆಂದು ಭ್ರಮಿಸಿದಂತಾಗುವುದು.